ಬಾರದ ‘ಟಕ್’ ಸದ್ದು: ಹಳೆಯ ಸ್ಟೀರಿಯೋ ಆಂಪ್ಲಿಫೈಯರಿನ ರಕ್ಷಣಾ ಮಂಡಲ ಮತ್ತು ಅದರ ದೋಷಶೋಧನೆ

ಹಳೆಯ ಸ್ಟೀರಿಯೋ ಆಂಪ್ಲಿಫೈಯರೊಂದರ ಗುಂಡಿಯನ್ನು ಒತ್ತಿದ ಮೂರರಿಂದ ಎಂಟು ಸೆಕೆಂಡುಗಳ ಬಳಿಕ ಅದರ ಒಡಲಿನಿಂದ ‘ಟಕ್’ ಎಂಬ ಸಣ್ಣ ಸದ್ದೊಂದು ಕೇಳಿಬರುತ್ತದೆ. ಆ ಸದ್ದು ಬಂದ ಮೇಲೆಯೇ ಸ್ಪೀಕರುಗಳಲ್ಲಿ ಸಂಗೀತ ಹೊಮ್ಮುತ್ತದೆ. ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಕೊಲ್ಲಿಯ ನಾಡುಗಳಿಗೆ ಬಂದ ನಮ್ಮವರು ಮೊದಲ ಉಳಿತಾಯದಲ್ಲಿ ಕೊಂಡ ವಸ್ತುಗಳಲ್ಲಿ ಜಪಾನಿನ ಸ್ಟೀರಿಯೋ ಪ್ರಮುಖವಾಗಿತ್ತು. ಮಸ್ಕತ್ತಿನ ರೂವಿ, ಮತ್ರಾಗಳ ಅಂಗಡಿಗಳಿಂದ ಹೊರಟ ಅಂಥ ಪೆಟ್ಟಿಗೆಗಳು ಕರಾವಳಿಯ ಎಷ್ಟೋ ಮನೆಗಳ ಜಗಲಿಯನ್ನು ಸೇರಿದವು; ಕೆಲವು ಇಲ್ಲಿಯೇ ಉಳಿದವು. ನಲವತ್ತು ವರ್ಷ ದಾಟಿದ ಈ ಯಂತ್ರಗಳು ಇಂದು ಸಾಮಾನ್ಯವಾಗಿ ಕೆಡುವುದು ಒಂದೇ ಬಗೆಯಲ್ಲಿ: ದೀಪ ಹೊತ್ತುತ್ತದೆ, ಆದರೆ ‘ಟಕ್’ ಸದ್ದು ಬರುವುದಿಲ್ಲ.

ಆ ಸದ್ದು ಸ್ಪೀಕರ್ ರಕ್ಷಣಾ ಮಂಡಲದ ರಿಲೇಯದ್ದು. ಅದು ಬಾರದಿದ್ದಾಗ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ. ಮಸ್ಕತ್ತಿನಲ್ಲಿ ನಾನು ದುರಸ್ತಿ ಮಾಡಿದ ಒಂದು ಯಂತ್ರದ ಉದಾಹರಣೆಯನ್ನೂ, ಅದರಲ್ಲಿ ನಾನು ಎಡವಿದ ಬಗೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ.

ರಕ್ಷಣೆ ಏಕೆ ಬೇಕಾಯಿತು

ಅರವತ್ತರ ದಶಕದ ಬಹುಪಾಲು ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ಒಂದೇ ವಿದ್ಯುತ್ ಪೂರೈಕೆ ಇರುತ್ತಿತ್ತು. ಹೊರಹೋಗುವ ತುದಿಯಲ್ಲಿ ದೊಡ್ಡದೊಂದು ಕೆಪಾಸಿಟರ್ ಇರುತ್ತಿತ್ತು. ಸಂಗೀತದ ಪರ್ಯಾಯ ವಿದ್ಯುತ್ತು ಅದರ ಮೂಲಕ ಹಾಯುತ್ತಿತ್ತು, ಏಕಮುಖ ವಿದ್ಯುತ್ತು ತಡೆಯಲ್ಪಡುತ್ತಿತ್ತು. ಒಳಗೆ ಟ್ರಾನ್ಸಿಸ್ಟರೊಂದು ಸುಟ್ಟರೂ ಸ್ಪೀಕರು ಉಳಿಯುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಧನ ಮತ್ತು ಋಣ ಎಂಬ ಎರಡು ಪೂರೈಕೆಗಳ ವಿನ್ಯಾಸ ರೂಢಿಗೆ ಬಂದಿತು. ಎರಡೂ ಸಮತೂಕದಲ್ಲಿದ್ದಾಗ ಹೊರತುದಿ ಸೊನ್ನೆ ವೋಲ್ಟಿನಲ್ಲಿ ನಿಲ್ಲುವುದರಿಂದ ಆ ಕೆಪಾಸಿಟರಿನ ಅಗತ್ಯವೇ ಉಳಿಯಲಿಲ್ಲ. ಮಂದ್ರಸ್ವರಗಳು ಸ್ಪಷ್ಟವಾದವು. ಆದರೆ ಟ್ರಾನ್ಸಿಸ್ಟರಿಗೂ ಸ್ಪೀಕರಿಗೂ ನಡುವೆ ಇದ್ದ ಗೋಡೆಯೂ ಬಿದ್ದುಹೋಯಿತು.

ಇದರ ಅಪಾಯವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 8 ಓಮ್ ಎಂದು ಬರೆದಿರುವ ಸ್ಪೀಕರಿನ ಸುರುಳಿಯ ಏಕಮುಖ ರೋಧ ಸುಮಾರು 6 ಓಮ್. ಆಂಪ್ಲಿಫೈಯರಿನ ಪೂರೈಕೆ 38 ವೋಲ್ಟ್ ಎಂದಿಟ್ಟುಕೊಳ್ಳೋಣ. ಔಟ್‌ಪುಟ್ ಟ್ರಾನ್ಸಿಸ್ಟರೊಂದು ಒಳಗೇ ಬೆಸೆದುಕೊಂಡರೆ ಆ 38 ವೋಲ್ಟ್ ನೇರವಾಗಿ ಸುರುಳಿಯ ಮೇಲೆ ಬೀಳುತ್ತದೆ. ಪ್ರವಾಹ 6 ಆಂಪಿಯರಿಗೂ ಹೆಚ್ಚು. ಶಾಖವಾಗಿ ವ್ಯಯವಾಗುವ ಶಕ್ತಿ ಸುಮಾರು 240 ವಾಟ್. ಸಂಗೀತದಲ್ಲಿ ಕ್ಷಣಕಾಲ ಬಂದುಹೋಗುವ ಶಕ್ತಿಯನ್ನು ಸುರುಳಿ ತಾಳಿಕೊಳ್ಳಬಲ್ಲುದು. ಆದರೆ ಏಕಮುಖ ವಿದ್ಯುತ್ತಿನಲ್ಲಿ ಕಾಗದದ ಶಂಕು ಒಂದೇ ಕಡೆಗೆ ಸರಿದು ನಿಂತುಬಿಡುತ್ತದೆ; ಚಲನೆಯಿಂದ ಸುರುಳಿಗೆ ಸಿಗುತ್ತಿದ್ದ ಗಾಳಿಯೂ ನಿಲ್ಲುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಸುರುಳಿಯ ಅಂಟು ಕರಗಿ ಹೊಗೆಯಾಡುತ್ತದೆ. ಸ್ಪೀಕರಿನ ಪೆಟ್ಟಿಗೆಯೊಳಗೆ ಹತ್ತಿಯೋ ಉಣ್ಣೆಯೋ ತುಂಬಿರುವುದರಿಂದ ಬೆಂಕಿಯ ಭಯವೂ ಇದೆ.

ನಾಲ್ಕು ಬಗೆಯ ಕಾವಲು

ರಕ್ಷಣಾ ಮಂಡಲ ಮಾಡುವ ಕೆಲಸಗಳು ನಾಲ್ಕು.

ಮೊದಲನೆಯದು, ಆರಂಭದ ವಿಳಂಬ. ಯಂತ್ರವನ್ನು ಚಾಲೂ ಮಾಡಿದ ತಕ್ಷಣ ಒಳಗಿನ ವೋಲ್ಟೇಜುಗಳು ಓಲಾಡುತ್ತವೆ. ಅವು ನೆಲೆಗೊಳ್ಳುವವರೆಗೆ ಕೆಲವು ಸೆಕೆಂಡು ಸ್ಪೀಕರನ್ನು ದೂರವಿಡಬೇಕು.

ಎರಡನೆಯದು, ಏಕಮುಖ ವಿದ್ಯುತ್ತಿನ ಪತ್ತೆ. ಎಡ ಅಥವಾ ಬಲ ವಾಹಿನಿಯ ಹೊರತುದಿ ಸೊನ್ನೆಯಿಂದ ಧನಕ್ಕಾಗಲಿ ಋಣಕ್ಕಾಗಲಿ ಸರಿದರೆ ರಿಲೇಯನ್ನು ಬಿಡಬೇಕು.

ಮೂರನೆಯದು, ಅತಿಭಾರದ ಪತ್ತೆ. ಸ್ಪೀಕರ್ ತಂತಿಗಳು ಒಂದಕ್ಕೊಂದು ತಗುಲಿದರೆ ಅಥವಾ ತೀರ ಕಡಿಮೆ ರೋಧದ ಸ್ಪೀಕರುಗಳನ್ನು ಜೋಡಿಸಿದರೆ ಪ್ರವಾಹ ಮಿತಿ ಮೀರುತ್ತದೆ. ಆಗ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಉಳಿಸಬೇಕು.

ನಾಲ್ಕನೆಯದು, ವಿದ್ಯುತ್ ನಿಂತದ್ದರ ಪತ್ತೆ. ಗುಂಡಿಯನ್ನು ಆರಿಸಿದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದು ಇಳಿಯುವಾಗ ಸ್ಪೀಕರಿನಲ್ಲಿ ‘ಧಡ್’ ಎಂಬ ಸದ್ದಾಗಬಹುದು. ಪರ್ಯಾಯ ವಿದ್ಯುತ್ತು ಕಡಿದ ಮರುಕ್ಷಣವೇ ರಿಲೇಯನ್ನು ಬಿಟ್ಟರೆ ಆ ಸದ್ದು ಸ್ಪೀಕರನ್ನು ಮುಟ್ಟದು.

ಮೊದಮೊದಲು ಈ ಕೆಲಸಗಳನ್ನು ನಾಲ್ಕಾರು ಬಿಡಿ ಟ್ರಾನ್ಸಿಸ್ಟರುಗಳು ಮಾಡುತ್ತಿದ್ದವು. ಮುಂದೆ ಇದಕ್ಕೆಂದೇ ಐಸಿಗಳು ಬಂದವು. ಎನ್‌ಇಸಿ ಸಂಸ್ಥೆಯ ಯುಪಿಸಿ 1237 ಮತ್ತು ತೋಷಿಬಾದ ಟಿಎ 7317 ಇವುಗಳಲ್ಲಿ ಹೆಚ್ಚು ಪರಿಚಿತವಾದವು. ಮೊದಲನೆಯದಕ್ಕೆ ಒಂದೇ ಸಾಲಿನಲ್ಲಿ ಎಂಟು ಕಾಲುಗಳು, ಎರಡನೆಯದಕ್ಕೆ ಒಂಬತ್ತು. ನನ್ನ ಉದಾಹರಣೆಯಲ್ಲಿ ಇದ್ದುದು 1237. ಅದರ ಕಾಲುಗಳ ಪರಿಚಯ ಮುಂದಿನ ಅಳತೆಗಳಿಗೆ ಅಗತ್ಯ. 1ನೆಯ ಕಾಲು ಅತಿಭಾರವನ್ನೂ, 2ನೆಯದು ಏಕಮುಖ ವಿದ್ಯುತ್ತನ್ನೂ, 4ನೆಯದು ಪರ್ಯಾಯ ವಿದ್ಯುತ್ತು ನಿಂತದ್ದನ್ನೂ ಗಮನಿಸುತ್ತದೆ. 3ನೆಯದು ದೋಷ ಕಳೆದ ಮೇಲೆ ಮಂಡಲ ತಾನಾಗಿ ಮರಳಬೇಕೇ, ಬೇಡವೇ ಎಂಬುದನ್ನು ನಿರ್ಧರಿಸುತ್ತದೆ. 5ನೆಯದು ಭೂತುದಿ. 6ನೆಯದು ರಿಲೇಯನ್ನು ಎಳೆಯುವ ತುದಿ. 7ನೆಯದಕ್ಕೆ ವಿಳಂಬದ ಕೆಪಾಸಿಟರ್ ಜೋಡಿಸಿರುತ್ತದೆ. 8ನೆಯದು ಐಸಿಯ ಪೂರೈಕೆ. ಅಲ್ಲಿ ಸುಮಾರು 3.4 ವೋಲ್ಟ್ ಇರಬೇಕು.

ಕೈ ಹಾಕುವ ಮೊದಲು

ಒಮಾನಿನ ಮನೆಗಳಿಗೆ ಬರುವುದು 240 ವೋಲ್ಟ್, 50 ಹರ್ಟ್ಝ್. ಅಮೆರಿಕದಿಂದ ತಂದ ಯಂತ್ರ 120 ವೋಲ್ಟಿನದು, ಜಪಾನಿನ ಒಳಮಾರುಕಟ್ಟೆಯದು 100 ವೋಲ್ಟಿನದು. ರಫ್ತಿಗೆಂದು ತಯಾರಾದ ಯಂತ್ರಗಳ ಬೆನ್ನಿನಲ್ಲಿ ವೋಲ್ಟೇಜ್ ಆಯ್ಕೆಯ ತಿರುಗುಗುಂಡಿ ಇರುತ್ತದೆ. ಬೇರೆ ಮನೆಯಿಂದ, ಬೇರೆ ದೇಶದಿಂದ ಬಂದ ಯಂತ್ರವಾದರೆ ಪ್ಲಗ್ ಹಾಕುವ ಮುನ್ನ ಅದನ್ನು ನೋಡಬೇಕು. ಈ ಒಂದು ನೋಟವನ್ನು ಮರೆತು ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಕೊಂಡವರು ಹಲವರು.

ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕೀಳಬೇಕು. ಗುಂಡಿ ಆರಿಸಿದರೆ ಸಾಲದು. ಸೋಸುವ ದೊಡ್ಡ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತನ್ನು 220 ಓಮ್, 5 ವಾಟ್ ರೋಧಕವೊಂದರ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈಹಾಕಬೇಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಇಳಿಸುವ ಪದ್ಧತಿ ಬೇಡ. ಸ್ಪೀಕರು, ಹೆಡ್‌ಫೋನುಗಳನ್ನು ಬಿಚ್ಚಿಡಬೇಕು. ಚಾಲೂ ಇರುವಾಗ ಅಳೆಯುವುದಾದರೆ ಮೀಟರಿನ ಕಪ್ಪು ತುದಿಯನ್ನು ಕ್ಲಿಪ್ಪಿನಿಂದ ಭೂತುದಿಗೆ ಸಿಕ್ಕಿಸಿ, ಕೆಂಪು ತುದಿಯನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಕಡ್ಡಿ ಜಾರಿ ಅಕ್ಕಪಕ್ಕದ ಎರಡು ಕಾಲುಗಳನ್ನು ಮುಟ್ಟಿದರೆ ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ. ಇಷ್ಟರ ಅಭ್ಯಾಸವಿಲ್ಲದವರು ಓದಿ ತಿಳಿದು, ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದು ಲೇಸು. ಏನನ್ನು ಕೇಳಬೇಕೆಂಬುದಾದರೂ ಆಗ ತಿಳಿದಿರುತ್ತದೆ.

ದೋಷವಿದೆಯೆಂದು ಗೊತ್ತಿರುವ ಯಂತ್ರವನ್ನು ಮೊದಲ ಸಲ ಚಾಲೂ ಮಾಡುವಾಗ 60 ವಾಟಿನ ತಂತುಬಲ್ಬೊಂದನ್ನು ವಿದ್ಯುತ್ ದಾರಿಯಲ್ಲಿ ಸಾಲಾಗಿ ಜೋಡಿಸುವುದು ಹಳೆಯ, ಒಳ್ಳೆಯ ಉಪಾಯ. ಬಲ್ಬು ಕ್ಷಣಕಾಲ ಬೆಳಗಿ ಮಂಕಾದರೆ ದೊಡ್ಡ ದೋಷವಿಲ್ಲ. ಬೆಳಗುತ್ತಲೇ ಇದ್ದರೆ ಒಳಗೆ ಎಲ್ಲೋ ಬೆಸುಗೆಯಾಗಿದೆ. ಎಲ್‌ಇಡಿ ಬಲ್ಬು ಇದಕ್ಕೆ ಬಾರದು. ಬಲ್ಬು ಇರುವಾಗ ಯಂತ್ರಕ್ಕೆ ಪೂರ್ಣ ವೋಲ್ಟೇಜ್ ಸಿಗುವುದಿಲ್ಲ. ಆದ್ದರಿಂದ ಆ ಸ್ಥಿತಿಯಲ್ಲಿ ರಿಲೇ ಎಳೆಯಲಿಲ್ಲವೆಂದು ಯಾವ ತೀರ್ಮಾನಕ್ಕೂ ಬರಬಾರದು.

ಮೊದಲ ಪ್ರಶ್ನೆ: ತಪ್ಪು ಕಾವಲುಗಾರನದೇ?

ರಿಲೇ ಎಳೆಯದಿದ್ದರೆ ರಕ್ಷಣಾ ಮಂಡಲ ಕೆಟ್ಟಿದೆ ಎಂದು ಭಾವಿಸುವುದು ಸಹಜ. ಆದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುವ ಸಾಧ್ಯತೆ ಅಷ್ಟೇ ಇದೆ. ನಾಯಿ ಬೊಗಳಿದರೆ ಮೊದಲು ಅಂಗಳವನ್ನು ನೋಡಬೇಕು, ಆಮೇಲೆ ನಾಯಿಯನ್ನು ಗದರಬೇಕು.

ಇದನ್ನು ತಿಳಿಯುವ ಅಳತೆ ಒಂದೇ. ರಿಲೇಗಿಂತ ಮುಂಚೆ, ಎಂದರೆ ಆಂಪ್ಲಿಫೈಯರಿನ ಹೊರತುದಿ ರಿಲೇಯನ್ನು ಸೇರುವ ಜಾಗದಲ್ಲಿ, ಎರಡೂ ವಾಹಿನಿಗಳ ಏಕಮುಖ ವೋಲ್ಟೇಜನ್ನು ಅಳೆಯಬೇಕು. ಬೆನ್ನಿನ ಸ್ಪೀಕರ್ ತುದಿಗಳಲ್ಲಿ ಅಳೆದರೆ ಪ್ರಯೋಜನವಿಲ್ಲ. ರಿಲೇ ತೆರೆದಿರುವಾಗ ಅಲ್ಲಿ ಸೊನ್ನೆಯೇ ಕಾಣುತ್ತದೆ. ಆರೋಗ್ಯವಂತ ಯಂತ್ರದಲ್ಲಿ ಈ ಅಳತೆ 50 ಮಿಲಿವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟನ್ನು ದಾಟಿದ್ದರೆ ಕಾವಲು ಸರಿಯಾಗಿಯೇ ಇದೆ, ದೋಷ ಆಂಪ್ಲಿಫೈಯರಿನಲ್ಲಿದೆ. ಹತ್ತಾರು ವೋಲ್ಟ್ ಕಂಡರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನೂ, ಧನ–ಋಣ ಪೂರೈಕೆಗಳ ಫ್ಯೂಸುಗಳನ್ನೂ ಮೊದಲು ನೋಡಬೇಕು. ಒಂದು ಕಡೆಯ ಫ್ಯೂಸ್ ಹಾರಿದರೂ ಸಮತೂಕ ತಪ್ಪಿ ಹೊರತುದಿ ಇನ್ನೊಂದು ಕಡೆಗೆ ವಾಲುತ್ತದೆ.

ಲಕ್ಷಣಗಳೂ ದಾರಿ ತೋರಿಸುತ್ತವೆ. ರಿಲೇ ಎಳೆದ ಮೇಲೂ ಒಂದು ವಾಹಿನಿ ಕ್ಷೀಣವಾಗಿದ್ದು, ಧ್ವನಿಯನ್ನು ಏರಿಸಿದಾಗ ತಟಕ್ಕನೆ ಸರಿಯಾದರೆ ರಿಲೇಯ ಸಂಪರ್ಕಬಿಂದುಗಳು ಕಪ್ಪಾಗಿವೆ. ಜೋರು ಧ್ವನಿಯಲ್ಲಿ ಮಾತ್ರ ಬಿಟ್ಟರೆ ಅತಿಭಾರದ ಪತ್ತೆಯ ಕಡೆ ನೋಡಬೇಕು. ಅದಕ್ಕೂ ಮೊದಲು ಸ್ಪೀಕರುಗಳ ರೋಧವನ್ನು ಅಳೆಯಬೇಕು. ಅರ್ಧ ಗಂಟೆ ಹಾಡಿ, ಬಿಸಿಯಾದ ಮೇಲೆ ಬಿಟ್ಟರೆ ಒಡೆದ ಬೆಸುಗೆ ಅಥವಾ ಬಿಸಿಗೆ ಸೋರುವ ಟ್ರಾನ್ಸಿಸ್ಟರ್ ಕಾರಣವಿರಬಹುದು. ಎಂದೂ ಎಳೆಯದೇ ಇದ್ದು ಹೊರತುದಿಗಳು ಸೊನ್ನೆಯಲ್ಲಿದ್ದರೆ ಮಾತ್ರ ರಕ್ಷಣಾ ಮಂಡಲವನ್ನು ಶಂಕಿಸಬೇಕು.

ಅಳತೆಯ ಕ್ರಮ

ಪೂರೈಕೆಯಿಂದ ಆರಂಭಿಸುವುದು ಉತ್ತಮ. ರಿಲೇಯ ಸುರುಳಿಗೆ ವೋಲ್ಟೇಜ್ ಬರುತ್ತಿದೆಯೇ? ಸಾಮಾನ್ಯವಾಗಿ ಸುರುಳಿ 24 ವೋಲ್ಟಿನದು. ಮುಖ್ಯ ಪೂರೈಕೆಯಿಂದ ಒಂದು ರೋಧಕದ ಮೂಲಕ ಅದಕ್ಕೆ ವಿದ್ಯುತ್ತು ಸಿಗುತ್ತದೆ. 650 ಓಮಿನ ಸುರುಳಿಗೆ ಸುಮಾರು 37 ಮಿಲಿಆಂಪಿಯರ್ ಬೇಕು. 38 ವೋಲ್ಟಿನ ಪೂರೈಕೆಯಾದರೆ ಉಳಿದ 14 ವೋಲ್ಟ್ ರೋಧಕದ ಮೇಲೆ ಬಿದ್ದು, ಯಂತ್ರ ಹಾಡುವಷ್ಟು ಹೊತ್ತೂ ಅರ್ಧ ವಾಟ್ ಶಾಖ ಅಲ್ಲಿ ಹುಟ್ಟುತ್ತಿರುತ್ತದೆ. ದಶಕಗಳ ಈ ಶಾಖದಿಂದ ರೋಧಕ ಕಡಿದುಹೋಗುವುದುಂಟು. ಅದರ ಕೆಳಗಿನ ಹಲಗೆ ಕಂದುಬಣ್ಣಕ್ಕೆ ತಿರುಗುವುದಂತೂ ಸಾಮಾನ್ಯ.

ಮುಂದೆ 8ನೆಯ ಕಾಲಿನ 3.4 ವೋಲ್ಟ್. ಅದಿಲ್ಲದಿದ್ದರೆ ಅಲ್ಲಿಗೆ ಬರುವ ರೋಧಕವನ್ನು ನೋಡಬೇಕು. ಅನಂತರ 6ನೆಯ ಕಾಲು. ಐಸಿ ರಿಲೇಯನ್ನು ಎಳೆಯುವಾಗ ಈ ಕಾಲು ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ; ಬಿಟ್ಟಾಗ ಪೂರೈಕೆಯ ಮಟ್ಟಕ್ಕೆ ಏರುತ್ತದೆ. ಕಾಲು ಇಳಿದಿದ್ದೂ ರಿಲೇ ಎಳೆಯದಿದ್ದರೆ ಸುರುಳಿ ಕಡಿದಿದೆ. ಕಾಲು ಏರಿಯೇ ಇದ್ದರೆ ಐಸಿಗೆ ಯಾವುದೋ ಕಾವಲುತುದಿಯಿಂದ ‘ಬೇಡ’ ಎಂಬ ಸಂದೇಶ ಬರುತ್ತಿದೆ ಎಂದರ್ಥ.

ಆ ಸಂದೇಶ ಎಲ್ಲಿಯದೆಂದು ಒಂದೊಂದಾಗಿ ನೋಡಬೇಕು. 1 ಮತ್ತು 2ನೆಯ ಕಾಲುಗಳು ಸೊನ್ನೆಯ ಸಮೀಪದಲ್ಲಿರಬೇಕು. ಹೊರತುದಿಗಳು ಸೊನ್ನೆಯಲ್ಲಿದ್ದೂ 2ನೆಯ ಕಾಲು ಏರಿದ್ದರೆ ಅಲ್ಲಿ ಸಂಗೀತದ ಅಲೆಗಳನ್ನು ಸೋಸಲು ಇಟ್ಟ ಕೆಪಾಸಿಟರ್ ಸೋರುತ್ತಿರಬಹುದು. 1ನೆಯ ಕಾಲು ಏರಿದ್ದರೆ ಔಟ್‌ಪುಟ್ ಹಂತದಲ್ಲಿ ಪ್ರವಾಹವನ್ನು ಅಳೆಯುವ ಪುಟ್ಟ ಟ್ರಾನ್ಸಿಸ್ಟರನ್ನೂ, ಎಮಿಟರ್ ರೋಧಕಗಳನ್ನೂ ನೋಡಬೇಕು. 7ನೆಯ ಕಾಲಿನ ವೋಲ್ಟೇಜ್ ಚಾಲೂ ಮಾಡಿದ ಮೇಲೆ ನಿಧಾನವಾಗಿ ಏರಬೇಕು; ವಿಳಂಬದ ಕೆಪಾಸಿಟರ್ ಸೋರಿದರೆ ಅದು ಮೇಲೇರದು. ಕೊನೆಗೆ 4ನೆಯ ಕಾಲಿನ ದಾರಿ. ಟ್ರಾನ್ಸ್‌ಫಾರ್ಮರಿನ ಪರ್ಯಾಯ ವಿದ್ಯುತ್ತನ್ನು ಡಯೋಡೊಂದು ಋಣದಿಕ್ಕಿಗೆ ತಿರುಗಿಸಿ, ಸಣ್ಣ ಕೆಪಾಸಿಟರಿನಲ್ಲಿ ತುಂಬಿಸುತ್ತದೆ. ಆ ಋಣ ವೋಲ್ಟೇಜ್ ಇರುವವರೆಗೆ ಐಸಿ ‘ವಿದ್ಯುತ್ತು ಇದೆ’ ಎಂದು ತಿಳಿಯುತ್ತದೆ. ಅದು ಕರಗಿದೊಡನೆ ರಿಲೇಯನ್ನು ಬಿಡುತ್ತದೆ.

ಇವೆಲ್ಲವೂ ಸರಿಯಿದ್ದೂ 6ನೆಯ ಕಾಲು ಇಳಿಯದಿದ್ದರೆ ಮಾತ್ರ ಐಸಿಯನ್ನು ಬದಲಿಸಬೇಕು. ಇದು ಕೊನೆಯ ಹೆಜ್ಜೆ, ಮೊದಲನೆಯದಲ್ಲ.

ನಾನು ಎಡವಿದ ಜಾಗ

ಮೇಲಿನ ಕ್ರಮವನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆದರೆ ನಾನದನ್ನು ಕಲಿತದ್ದು ಅದನ್ನು ಮುರಿದು.

ಮಸ್ಕತ್ತಿನಲ್ಲಿ ನಾಲ್ಕು ದಶಕ ದುಡಿದು ಉಡುಪಿಗೆ ಮರಳಲು ಸಿದ್ಧರಾಗಿದ್ದ ಹಿರಿಯರೊಬ್ಬರು ತಮ್ಮ ಆಂಪ್ಲಿಫೈಯರನ್ನು ನನ್ನಲ್ಲಿಗೆ ತಂದರು. ಎಂಬತ್ತರ ದಶಕದ ಆರಂಭದಲ್ಲಿ ಕೊಂಡದ್ದು. ಜೊತೆಗೆ ಅದೇ ಕಾಲದ ಕಾಗದಶಂಕುವಿನ ಸ್ಪೀಕರುಗಳು. ಆ ಶಂಕುಗಳು ಹರಿದರೆ, ಸುರುಳಿ ಸುಟ್ಟರೆ ಅಂಥವೇ ಮತ್ತೆ ಸಿಗುವುದಿಲ್ಲ. ಸಾಮಾನು ಹಡಗಿಗೆ ಹೋಗಲು ಹನ್ನೆರಡು ದಿನ ಉಳಿದಿತ್ತು. ‘ಟಕ್’ ಸದ್ದು ನಿಂತು ತಿಂಗಳಾಗಿತ್ತು. ಅಂಗಡಿಯವರೊಬ್ಬರು ರಿಲೇಯ ತುದಿಗಳನ್ನು ತಂತಿಯಿಂದ ಬೆಸೆದುಕೊಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದಿದ್ದರಂತೆ. ನನ್ನ ಕೈಯಲ್ಲೂ ಆಗದಿದ್ದರೆ ಹಾಗೆಯೇ ಮಾಡಿಕೊಡು, ಊರಲ್ಲಿ ಇದನ್ನು ಬಿಚ್ಚುವವರು ಯಾರಿದ್ದಾರೆ ಎಂದು ಹಿರಿಯರು ಕೇಳಿದರು. ಬಿಚ್ಚುವವರು ಹತ್ತಿರವಿಲ್ಲದ ಕಡೆಗೆ ಹೋಗುವ ಯಂತ್ರಕ್ಕೇ ಕಾವಲು ಹೆಚ್ಚು ಬೇಕು ಎಂದು ನಾನು ಹೇಳಿದೆ. ಅವರು ಒಪ್ಪಿದರೋ, ಸುಮ್ಮನಾದರೋ ತಿಳಿಯಲಿಲ್ಲ.

ಹೊರತುದಿಗಳನ್ನು ಅಳೆದೆ: ಎಡಕ್ಕೆ 14, ಬಲಕ್ಕೆ 31 ಮಿಲಿವೋಲ್ಟ್. ಆಂಪ್ಲಿಫೈಯರು ಆರೋಗ್ಯವಾಗಿತ್ತು. ಇಲ್ಲಿಯವರೆಗೆ ಸರಿಯಾಗಿಯೇ ನಡೆದೆ. ಆಮೇಲೆ ಅವಸರ ಹಿಡಿಯಿತು. ಇಂಥ ದೋಷಗಳಲ್ಲಿ ವಿಳಂಬದ ಕೆಪಾಸಿಟರೇ ಕಾರಣವೆಂದು ಎಲ್ಲೋ ಕೇಳಿದ್ದು ನೆನಪಿಗೆ ಬಂದು, ಅಳೆಯದೆ ಅದನ್ನು ಬದಲಿಸಿದೆ. ಏನೂ ಆಗಲಿಲ್ಲ. 8ನೆಯ ಕಾಲಿನಲ್ಲಿ 3.4 ವೋಲ್ಟ್ ಇತ್ತು, 1 ಮತ್ತು 2 ಸೊನ್ನೆಯಲ್ಲಿದ್ದವು, 6ನೆಯದು ಏರಿಯೇ ಇತ್ತು. 4ನೆಯ ಕಾಲಿನ ದಾರಿಯಲ್ಲಿ ಕೆಪಾಸಿಟರಿನ ಮೇಲೆ ಮೀಟರ್ ಇಟ್ಟೆ. ಏಕಮುಖ ಶ್ರೇಣಿಯಲ್ಲಿ ಋಣ ವೋಲ್ಟೇಜ್ ಕಂಡಿತು. ಇದೂ ಸರಿ ಎಂದುಕೊಂಡು ಐಸಿಯನ್ನೇ ದೂರಿದೆ. ಹೊಸ ಐಸಿ ತರಿಸಲು ಐದು ದಿನ ಹೋಯಿತು. ಬದಲಿಸಿದೆ. ರಿಲೇ ಮೌನವಾಗಿಯೇ ಉಳಿಯಿತು.

ಹನ್ನೆರಡರಲ್ಲಿ ಎಂಟು ದಿನ ಕಳೆದಿತ್ತು. ತಂತಿಯ ತುಂಡು ಮೇಜಿನ ಮೇಲೆಯೇ ಬಿದ್ದಿತ್ತು. ಆ ಸಂಜೆ ಅದರ ಕಡೆಗೆ ಕಣ್ಣು ಹೋಗಲಿಲ್ಲವೆಂದು ಹೇಳಲಾರೆ.

ಮರುದಿನ ಶುಕ್ರವಾರ. ಮಂಡಲದ ಚಿತ್ರವನ್ನು ಕಾಗದದ ಮೇಲೆ ಬಿಡಿಸಿ, ಪ್ರತಿಯೊಂದು ಬಿಂದುವನ್ನೂ ಎರಡು ಸಲ ಅಳೆದೆ: ಒಮ್ಮೆ ಏಕಮುಖ ಶ್ರೇಣಿಯಲ್ಲಿ, ಒಮ್ಮೆ ಪರ್ಯಾಯ ಶ್ರೇಣಿಯಲ್ಲಿ. 4ನೆಯ ಕಾಲಿನ ದಾರಿಯ ಕೆಪಾಸಿಟರಿಗೆ ಬಂದಾಗ ಪರ್ಯಾಯ ಶ್ರೇಣಿಯಲ್ಲಿ ಹತ್ತು ವೋಲ್ಟಿಗೂ ಹೆಚ್ಚು ಕಂಡಿತು. ಅಲ್ಲಿ ಇರಬೇಕಾದುದು ಸಮತಟ್ಟಾದ ಋಣ ವೋಲ್ಟೇಜ್; ಇದ್ದುದು ಏರಿಳಿಯುವ ಅಲೆ. ಕೆಪಾಸಿಟರನ್ನು ಬಿಚ್ಚಿ ಅಳೆದೆ. ಮೈಮೇಲೆ 2.2 ಮೈಕ್ರೋಫ್ಯಾರಡ್ ಎಂದು ಬರೆದಿತ್ತು, ಉಳಿದಿದ್ದುದು 0.1ಕ್ಕೂ ಕಡಿಮೆ. ಒಳಗಿನ ದ್ರವ ಸಂಪೂರ್ಣ ಒಣಗಿಹೋಗಿತ್ತು.

ಕಾರಣ ಈಗ ಸ್ಪಷ್ಟವಾಯಿತು. ಪರ್ಯಾಯ ವಿದ್ಯುತ್ತಿನ ಪ್ರತಿಯೊಂದು ಆವರ್ತದಲ್ಲಿ ಡಯೋಡು ಅರ್ಧಭಾಗದಲ್ಲಿ ಮಾತ್ರ ಕೆಪಾಸಿಟರನ್ನು ತುಂಬುತ್ತದೆ. ಉಳಿದರ್ಧದಲ್ಲಿ ಕೆಪಾಸಿಟರು ತಾನೇ ಹಿಡಿದಿಟ್ಟುಕೊಳ್ಳಬೇಕು. ಒಣಗಿದ ಕೆಪಾಸಿಟರಿಗೆ ಆ ಶಕ್ತಿ ಇರಲಿಲ್ಲ. ಹೀಗಾಗಿ ಸೆಕೆಂಡಿಗೆ 50 ಸಲ ಐಸಿಗೆ ‘ವಿದ್ಯುತ್ತು ಹೋಯಿತು’ ಎಂಬ ಸಂದೇಶ ತಲುಪುತ್ತಿತ್ತು. ಐಸಿ ಅದಕ್ಕೆ ತಕ್ಕಂತೆ ನಡೆಯುತ್ತಿತ್ತು. ಏಕಮುಖ ಶ್ರೇಣಿಯಲ್ಲಿ ಮೀಟರು ತೋರಿಸುವುದು ಸರಾಸರಿಯನ್ನು; ಅಲೆಯ ಸರಾಸರಿ ಋಣವಾಗಿಯೇ ಇದ್ದುದರಿಂದ ನಾನು ಮೋಸಹೋದೆ. ಮೀಟರು ಸುಳ್ಳು ಹೇಳಿರಲಿಲ್ಲ, ನಾನು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದ್ದೆ. ಹೊಸ ಕೆಪಾಸಿಟರ್ ಬೆಸೆದು ಗುಂಡಿ ಒತ್ತಿದೆ. ಐದನೆಯ ಸೆಕೆಂಡಿಗೆ ‘ಟಕ್’ ಎಂದಿತು. ಹಳೆಯ ಐಸಿಯನ್ನೇ ಮರಳಿ ಕೂಡಿಸಿ ನೋಡಿದೆ. ಅದರಲ್ಲಿ ಯಾವ ಊನವೂ ಇರಲಿಲ್ಲ.

ಬಿಸಿಲು, ತೇವ ಮತ್ತು ಬೀಗ ಹಾಕಿದ ಮನೆ

ಆ ಕೆಪಾಸಿಟರು ಮಾತ್ರ ಏಕೆ ಒಣಗಿತು? ಅದರ ಪಕ್ಕದಲ್ಲಿ, ಬೆರಳು ತೂರದಷ್ಟು ಹತ್ತಿರದಲ್ಲಿ, ರಿಲೇಯ ಬಿಸಿ ರೋಧಕ ನಿಂತಿತ್ತು. ದ್ರವಭರಿತ ಕೆಪಾಸಿಟರುಗಳ ಆಯುಷ್ಯಕ್ಕೆ ಒಂದು ಸ್ಥೂಲ ಸೂತ್ರವಿದೆ: ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಷ್ಯ ಅರ್ಧವಾಗುತ್ತದೆ. 85 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರು 65 ಡಿಗ್ರಿಯಲ್ಲಿ 8000 ಗಂಟೆ ಬಾಳುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ಇದು ಸುಮಾರು ಐದೂವರೆ ವರ್ಷ. 105 ಡಿಗ್ರಿಯ ದರ್ಜೆಯದನ್ನು ಹಾಕಿದರೆ ಅದೇ ಜಾಗದಲ್ಲಿ ಅದರ ನಾಲ್ಕು ಪಟ್ಟು. ಬೆಲೆಯಲ್ಲಿ ವ್ಯತ್ಯಾಸ ಅತ್ಯಲ್ಪ. ಹೊಸದನ್ನು ಬೆಸೆಯುವಾಗ ಕಾಲುಗಳನ್ನು ತುಸು ಬಾಗಿಸಿ ಬಿಸಿ ರೋಧಕದಿಂದ ದೂರಕ್ಕೆ ವಾಲಿಸುವುದೂ ಒಳ್ಳೆಯದು.

ಒಮಾನಿನ ಹವೆ ಈ ಲೆಕ್ಕವನ್ನು ಇನ್ನಷ್ಟು ಬಿಗಿಮಾಡುತ್ತದೆ. 2018ರ ಜೂನ್ 26ರಂದು ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತಿನಲ್ಲಿ ಇಡೀ ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಸೆಲ್ಸಿಯಸ್ ಆಗಿತ್ತು. ರಾತ್ರಿಯೂ ಅದಕ್ಕಿಂತ ಇಳಿಯಲಿಲ್ಲ. ಮಕ್ಕಳ ಶಾಲೆಗೆ ರಜೆ ಬಂದೊಡನೆ ನಾವು ಊರಿಗೆ ಹೊರಡುವುದು ಇಂಥ ತಿಂಗಳುಗಳಲ್ಲೇ. ಏಸಿ ಆರಿಸಿ, ಕಿಟಕಿ ಮುಚ್ಚಿ, ಬೀಗ ಹಾಕಿದ ಮನೆಯಲ್ಲಿ ಯಂತ್ರ ವಾರಗಟ್ಟಲೆ ಬೇಯುತ್ತದೆ. ಮರಳಿ ಬಂದು ತಣ್ಣನೆಯ ಏಸಿ ಹಾಕಿದರೆ ತೇವ ಲೋಹದ ಮೇಲೆ ಹನಿಗಟ್ಟಬಹುದು. ಸಮುದ್ರತೀರದ ಉಪ್ಪುಗಾಳಿ ಅದಕ್ಕೆ ಸೇರುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನವೇ ಸ್ಟೀರಿಯೋವನ್ನು ಜೋರಾಗಿ ಹಾಕದೆ, ಒಂದೆರಡು ದಿನ ಕೊಠಡಿಯ ಹವೆಗೆ ಅದು ಹೊಂದಿಕೊಳ್ಳಲು ಬಿಡುವುದು ಲೇಸು.

ರಿಲೇಯ ಸಂಪರ್ಕಬಿಂದುಗಳು ಬೆಳ್ಳಿಯ ಮಿಶ್ರಲೋಹದವು. ಗಾಳಿಯ ಗಂಧಕದಿಂದ ಬೆಳ್ಳಿಯ ದೀಪದಂತೆಯೇ ಅವೂ ಕಪ್ಪಾಗುತ್ತವೆ. ಅವುಗಳನ್ನು ಮರಳುಕಾಗದದಿಂದ ಉಜ್ಜಬಾರದು. ತೆಳುಲೇಪ ಹೋದರೆ ಮತ್ತೆ ಬೇಗ ಕಪ್ಪಾಗುತ್ತವೆ. ಶುದ್ಧಿದ್ರಾವಣದಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ಬಿಂದುಗಳ ನಡುವೆ ಎಳೆದರೆ ತಾತ್ಕಾಲಿಕ ಪರಿಹಾರ ಸಿಗುತ್ತದೆ. ಅದೇ ಸುರುಳಿ ವೋಲ್ಟೇಜಿನ, ಅದೇ ಕಾಲುಗಳ ಜೋಡಣೆಯ, ಸಾಕಷ್ಟು ಆಂಪಿಯರ್ ತಾಳುವ ಹೊಸ ರಿಲೇ ಹಾಕುವುದು ಶಾಶ್ವತ ಪರಿಹಾರ.

ದುರಸ್ತಿಯ ಬಳಿಕ ಕಾವಲನ್ನು ಪರೀಕ್ಷಿಸುವುದು

‘ಟಕ್’ ಸದ್ದು ಬಂದಿತೆಂದರೆ ರಿಲೇ ಎಳೆಯುತ್ತದೆ ಎಂದಷ್ಟೇ ತಿಳಿಯಿತು. ಅಪಾಯದಲ್ಲಿ ಅದು ಬಿಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಬಹಳ ಮಂದಿ ಇದನ್ನು ಕೇಳುವುದಿಲ್ಲ.

ಪರೀಕ್ಷೆ ಸುಲಭ. ಸ್ಪೀಕರುಗಳಿಲ್ಲದೆ, ಪ್ಲಗ್ ಕಿತ್ತು, ಕೆಪಾಸಿಟರುಗಳನ್ನು ಇಳಿಸಿ, ಒಂದು ವಾಹಿನಿಯ ಹೊರತುದಿಯಿಂದ 2ನೆಯ ಕಾಲಿನ ಕಡೆಗೆ ಹೋಗುವ ರೋಧಕದ ಆಂಪ್ಲಿಫೈಯರ್ ಕಡೆಯ ತುದಿಯನ್ನು ಬಿಚ್ಚಬೇಕು. ಯಂತ್ರವನ್ನು ಚಾಲೂ ಮಾಡಿ, ರಿಲೇ ಎಳೆದ ಮೇಲೆ 9 ವೋಲ್ಟ್ ಬ್ಯಾಟರಿಯ ಋಣತುದಿಯನ್ನು ಭೂತುದಿಗೂ ಧನತುದಿಯನ್ನು ಬಿಚ್ಚಿದ ರೋಧಕಕ್ಕೂ ತಾಗಿಸಬೇಕು. ರಿಲೇ ಕೂಡಲೇ ಬಿಡಬೇಕು. ಬ್ಯಾಟರಿಯನ್ನು ತಿರುಗಿಸಿ ಮತ್ತೊಮ್ಮೆ ನೋಡಬೇಕು; ಧನ, ಋಣ ಎರಡರಲ್ಲೂ ಬಿಡಬೇಕು. ಇನ್ನೊಂದು ವಾಹಿನಿಗೂ ಹೀಗೆಯೇ. ಬ್ಯಾಟರಿಯನ್ನು ನೇರವಾಗಿ ಆಂಪ್ಲಿಫೈಯರಿನ ಹೊರತುದಿಗೆ ಎಂದಿಗೂ ತಾಗಿಸಬಾರದು. ಕೊನೆಯಲ್ಲಿ ಗುಂಡಿ ಆರಿಸಿದಾಗ ದೀಪ ನಂದುವ ಮುಂಚೆಯೇ ರಿಲೇ ಬಿಟ್ಟರೆ 4ನೆಯ ಕಾಲಿನ ಕಾವಲೂ ಸರಿಯಿದೆ. ಬಿಚ್ಚಿದ ರೋಧಕವನ್ನು ಮರಳಿ ಬೆಸೆದ ಮೇಲೆಯೇ ಮುಚ್ಚಳ ಹಾಕಬೇಕು. ಇದನ್ನು ಮರೆತರೆ ಆ ವಾಹಿನಿಗೆ ಕಾವಲೇ ಇಲ್ಲದಂತಾಗುತ್ತದೆ.

ಆ ಹಿರಿಯರ ಯಂತ್ರ ಈ ಪರೀಕ್ಷೆಗಳನ್ನು ದಾಟಿ ಹನ್ನೆರಡನೆಯ ದಿನ ಪೆಟ್ಟಿಗೆ ಸೇರಿತು. ಕರ್ನಾಟಕದ 230 ವೋಲ್ಟಿಗೆ ಅದರ 240ರ ಆಯ್ಕೆಯನ್ನು ಬದಲಿಸಬೇಕಾಗಿರಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಅವರ ಕರೆ ಬಂತು. ಹಾಡು ನಡುವೆಯೇ ‘ಟಕ್’ ಎಂದು ನಿಂತಿತು, ಮತ್ತೆ ಬರಲಿಲ್ಲ, ನೀನು ಮಾಡಿದ ಕೆಲಸ ಒಂದು ವರ್ಷವೂ ಬಾಳಲಿಲ್ಲ ಎಂದರು. ಸ್ಪೀಕರ್ ತಂತಿಗಳನ್ನು ಬಿಚ್ಚಿಸಿ, ರಿಲೇಗಿಂತ ಮುಂಚೆ ಅಳೆದು ನೋಡಲು ಅಲ್ಲಿನ ತಂತ್ರಜ್ಞರಿಗೆ ಹೇಳಿ ಎಂದೆ. ಸಂಜೆ ಉತ್ತರ ಬಂತು: ಬಲ ವಾಹಿನಿಯಲ್ಲಿ 36 ವೋಲ್ಟ್. ಔಟ್‌ಪುಟ್ ಟ್ರಾನ್ಸಿಸ್ಟರೊಂದು ಬೆಸೆದುಕೊಂಡಿತ್ತು. ಸ್ಪೀಕರುಗಳ ಸುರುಳಿಗಳನ್ನು ಅಳೆಸಿದೆ. ಎರಡೂ 6 ಓಮಿನ ಆಸುಪಾಸಿನಲ್ಲೇ ಇದ್ದವು. ಟ್ರಾನ್ಸಿಸ್ಟರುಗಳ ಜೋಡಿಯನ್ನು ಬದಲಿಸಿದ ಮೇಲೆ ಯಂತ್ರ ಮತ್ತೆ ಹಾಡಿತು.

ಅಂದು ತಂತಿಯನ್ನು ಬೆಸೆದಿದ್ದರೆ ಆ ದಿನ ಏನಾಗುತ್ತಿತ್ತೆಂದು ನಾನು ಅವರಿಗೆ ಹೇಳಲಿಲ್ಲ. ಅವರೇ ಕೇಳಿದರು, ಆ ಮೂವತ್ತಾರು ವೋಲ್ಟ್ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂದು. ಮೇಲೆ ಬರೆದ 240 ವಾಟಿನ ಲೆಕ್ಕವನ್ನು ಆಗ ಅವರಿಗೆ ಮಾಡಿ ತೋರಿಸಿದೆ.